ಒಪ್ಪಿಗೆ ಪತ್ರದ ಸಹಿ

ಅಕ್ಟೋಬರ್ ಹದಿನಾಲ್ಕು, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮೂವತ್ತೆರಡು ವರ್ಷದ ಹೆಂಗಸೊಬ್ಬಳು ಠಾಣೆಗೆ ಬಂದಳು. ಬ್ರೆಡ್ ಕಾರ್ಖಾನೆಯ ಒಲೆ ವಿಭಾಗದ ಮೇಲ್ವಿಚಾರಕಿ. ಅಲ್ಲಿ ಎಲ್ಲರೂ ಆಕೆಯನ್ನು ಒಲೆಯಕ್ಕ ಎಂದೇ ಕರೆಯುತ್ತಿದ್ದರು. ಆಕೆ ಬೇರೆ ದೇಶದವಳು. ಇಲ್ಲೇ ನೆಲೆ ನಿಂತಿದ್ದ ಗಂಡನ ಹೆಂಡತಿಯಾಗಿ ವೀಸಾ ಪಡೆದು ಬಂದು ಮೂರು ವರ್ಷ ಎಂಟು ತಿಂಗಳಾಗಿತ್ತು.

ಆಕೆ ಇನ್ಸ್‌ಪೆಕ್ಟರ್ ಮೇಡಂ ಮುಂದೆ ಎರಡು ಕಾಗದ ಇಟ್ಟಳು. ಒಂದು ವಲಸೆ ಇಲಾಖೆಯ ನೋಟಿಸು: ಇದೇ ಇಪ್ಪತ್ನಾಲ್ಕರೊಳಗೆ ದೇಶ ಬಿಡತಕ್ಕದ್ದು. ಇನ್ನೊಂದು, ಆ ನೋಟಿಸಿಗೆ ಕಾರಣವಾದ ಪತ್ರದ ನಕಲು. ‘ಕಳೆದ ವರ್ಷ ಜೂನ್ ಮೂರರಿಂದ ನಾನು ಗಂಡನಿಂದ ಬೇರೆಯಾಗಿ ವಾಸಿಸುತ್ತಿದ್ದೇನೆ’ ಎಂದು ಅದರಲ್ಲಿತ್ತು. ಕೆಳಗೆ ಆಕೆಯ ಸಹಿ.

“ಇದು ನೀವು ಬರೆದಿದ್ದಾ?”

“ಇಲ್ಲ ಮೇಡಂ.”

“ಸಹಿ?”

“ನನ್ನ ಸಹಿ ಥರಾನೇ ಇದೆ. ಆದ್ರೆ ನಾನು ಹಾಕಿದ್ದಲ್ಲ.”

“ಹಾಗಾದ್ರೆ ನಿಮ್ಮ ಗಂಡ ಮನೆ ಬಿಟ್ಟು ಹೋಗಿದ್ದು ಯಾವಾಗ?”

“ಈ ವರ್ಷ ಜುಲೈಲಿ. ಅವರ ಬಟ್ಟೆ ಜೊತೆ ನನ್ನ ಪಾಸ್‌ಪೋರ್ಟೂ ಹೋಯ್ತು.”

ಪತ್ರದ ತಾರೀಕಿನ ಮರ್ಮ ಇನ್ಸ್‌ಪೆಕ್ಟರಿಗೆ ಹೊಳೆಯಿತು. ಮೂರು ವರ್ಷ ಒಟ್ಟಿಗೆ ಬಾಳಿದ್ದರೆ, ಆಮೇಲೆ ಸಂಬಂಧ ಮುರಿದರೂ ಹೆಂಡತಿ ತನ್ನ ಸ್ವಂತ ಹೆಸರಿನಲ್ಲಿ ವಾಸದ ಪರವಾನಗಿ ಕೇಳಬಹುದು. ಪತ್ರದ ಪ್ರಕಾರ ಇವರು ಬಾಳಿದ್ದು ಎರಡು ವರ್ಷ ನಾಲ್ಕು ತಿಂಗಳು. ಆಕೆಯ ಪ್ರಕಾರ ಮೂರು ವರ್ಷ ಐದು ತಿಂಗಳು.

ಹನ್ನೊಂದೂ ಕಾಲಿಗೆ ಎಫ್‌ಐಆರ್ ದಾಖಲಾಯಿತು: ನಕಲಿ ಸಹಿ, ಸುಳ್ಳು ದಾಖಲೆ, ಪಾಸ್‌ಪೋರ್ಟ್ ಅಪಹರಣ. ಗಂಡ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವನು. ಮಧ್ಯಾಹ್ನ ಮೂರಕ್ಕೆ ಠಾಣೆಗೆ ಕರೆಸಿದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನೆಟ್ಟಗೆ ಕುಳಿತ.

“ಅವಳೇ ಬರೆದಿದ್ದು ಮೇಡಂ. ಈಗ ಮನಸ್ಸು ಬದಲಾಯಿಸಿರಬೇಕು.”

“ಬೇರೆ ಆಗಿದ್ದು ಯಾವತ್ತು?”

“ಹೋದ ವರ್ಷ ಜೂನ್ ಮೂರು. ಆಮೇಲೆ ಒಂದೇ ಸೂರಿನಡಿ ಒಂದು ದಿನಾನೂ ಇರ್ಲಿಲ್ಲ.”

“ಪಾಸ್‌ಪೋರ್ಟ್?”

“ನಂಗೇನ್ ಗೊತ್ತು?”

ಹೇಳಿಕೆಗೆ ಸಹಿ ಹಾಕಿ ಅವನು ಹೊರಗೆ ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಪೆನ್ನು ಮುಚ್ಚಿದರು. “ನಂಗೆ ನಮ್ಮ ಮದುವೆ ತಾರೀಕೇ ನೆನಪಿರಲ್ಲ. ಅದಕ್ಕೆ ವರ್ಷಾ ವರ್ಷ ಬೈಸ್ಕೋತೀನಿ. ಈ ಮನುಷ್ಯನಿಗೆ ಜಗಳದ ತಾರೀಕು ಬಾಯಿಪಾಠ.”

ಮಂಗಳವಾರ ಇಡೀ ದಿನ ಮಹಿಳಾ ಕಾನ್‌ಸ್ಟೇಬಲ್ ಸಾಕ್ಷಿ ಹುಡುಕುತ್ತ ಒಲೆಯಕ್ಕನ ಬೀದಿ ಅಲೆದಳು. ಬಾಡಿಗೆ ಕರಾರು ಗಂಡನ ಹೆಸರಲ್ಲಿ, ಕರೆಂಟು ಗಂಡನ ಹೆಸರಲ್ಲಿ, ಫೋನೂ ಅಷ್ಟೇ. ಆ ಎರಡು ಕೋಣೆಯ ಮನೆಯಲ್ಲಿ ಆಕೆಯ ಹೆಸರಿದ್ದ ಕಾಗದದ ಚೂರೂ ಇರಲಿಲ್ಲ. ಅಕ್ಕಪಕ್ಕದವರೆಲ್ಲ ಪಾಳಿ ಕೆಲಸದವರು. “ಇದ್ರು ಅನ್ಸುತ್ತೆ” ಎನ್ನುವುದಕ್ಕಿಂತ ಮುಂದಕ್ಕೆ ಯಾರೂ ಹೋಗಲಿಲ್ಲ.

ಬುಧವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಒಲೆಯಕ್ಕನನ್ನು ಮತ್ತೆ ಕರೆಸಿದರು. ಮೂರು ದಿನದಿಂದ ನಿದ್ದೆಗೆಟ್ಟ ಕಣ್ಣು. ಆದರೂ ಪಾಳಿ ತಪ್ಪಿಸಿರಲಿಲ್ಲ.

“ಈ ವರ್ಷ ನಿಮ್ಮ ಗಂಡನಿಗೆ ಕಾಯಿಲೆ ಕಸಾಲೆ ಏನಾದ್ರೂ ಬಂದಿತ್ತಾ?”

“ಮಾರ್ಚಲ್ಲಿ ಹೊಟ್ಟೆನೋವು. ಅಪೆಂಡಿಕ್ಸ್ ಆಪರೇಷನ್ ಆಯ್ತು.”

“ಜೊತೆಗಿದ್ದವರು ಯಾರು?”

“ನಾನಲ್ದೆ ಇನ್ಯಾರು ಇರ್ತಾರೆ ಮೇಡಂ? ಐದು ದಿನ ಕುರ್ಚಿ ಮೇಲೇ ಕೂತಿದ್ದೆ.”

ಹನ್ನೆರಡೂವರೆಗೆ ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಕಡತ ಬಿಚ್ಚಿದರು. ಮಾರ್ಚ್ ಹತ್ತೊಂಬತ್ತು, ಬೆಳಿಗ್ಗೆ ಆರೂ ಐವತ್ತು. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ ಒಲೆಯಕ್ಕನ ಸಹಿ, ಸಂಬಂಧ ‘ಹೆಂಡತಿ’, ವಿಳಾಸ ಅದೇ ಮನೆ. ಹಿಂದಿನ ಹಾಳೆ ಇನ್ನೂ ಬೆಲೆಯುಳ್ಳದ್ದು. ದಾಖಲಾಗುವಾಗ ಗಂಡ ಸ್ವಂತ ಕೈಯಲ್ಲಿ ತುಂಬಿದ್ದ ಅರ್ಜಿಯಲ್ಲಿ ‘ಮನೆಯಲ್ಲಿ ಜೊತೆಗಿರುವವರು’ ಎಂಬಲ್ಲಿ ‘ನನ್ನ ಹೆಂಡತಿ’ ಎಂದಿತ್ತು.

ಹೆಡ್ ಕಾನ್‌ಸ್ಟೇಬಲ್ ಅಲ್ಲಿಂದಲೇ ಫೋನ್ ಮಾಡಿದರು. “ಮೇಡಂ, ಸಿಕ್ಕಿಬಿದ್ದ. ಜೀವ ಉಳಿಸೋಕೆ ಅವಳ ಸಹಿ ಬೇಕಾಗಿತ್ತು ಇವನಿಗೆ.”

ಸಂಜೆಯ ಹೊತ್ತಿಗೆ ಅಂಚೆ ಕಚೇರಿಯ ಉತ್ತರವೂ ಬಂತು. ಪತ್ರವನ್ನು ರಿಜಿಸ್ಟರ್ ಮಾಡಿದವರು ಬರೆಸಿದ್ದ ಫೋನ್ ನಂಬರು ಗಂಡನದು. ಸಹಿ ತಜ್ಞರು ಎರಡು ಸಹಿಗಳನ್ನೂ ನೋಡಿದರು. ಆಸ್ಪತ್ರೆಯದು ಒಂದೇ ಉಸಿರಿಗೆ ಹಾಕಿದ್ದು, ಪತ್ರದ್ದು ನಾಲ್ಕು ಕಡೆ ಪೆನ್ನು ಎತ್ತಿ ಬಿಡಿಸಿದ್ದು ಎಂದು ವರದಿ ಕೊಟ್ಟರು.

ಗುರುವಾರ ಒಂಬತ್ತೂವರೆಗೆ ಕಾರ್ಖಾನೆಯಲ್ಲಿ ಇಬ್ಬರು ಪಂಚರ ಸಮ್ಮುಖದಲ್ಲಿ ಗಂಡನ ಲಾಕರ್ ತೆರೆಸಿ ಪಂಚನಾಮೆ ಬರೆಯಲಾಯಿತು. ಹಳೆಯ ಸಮವಸ್ತ್ರದ ಮಡಿಕೆಯಲ್ಲಿ ಪಾಸ್‌ಪೋರ್ಟ್. ಅದರೊಳಗೆ ಮಡಚಿಟ್ಟ ಪ್ಯಾಕಿಂಗ್ ಚೀಟಿ. ಅದರ ಬೆನ್ನಿಗೆ ಇಪ್ಪತ್ತೇಳು ಸಲ ಒಂದೇ ಸಹಿ. ಮೊದಲಿನವು ಸೊಟ್ಟ, ಕೊನೆಯವು ಪಕ್ಕಾ.

“ಇದೂ ಅವಳೇ ಬರೆದಿದ್ದಾ?” ಇನ್ಸ್‌ಪೆಕ್ಟರ್ ಕೇಳಿದರು.

ಗಂಡ ಲಾಕರಿನ ಬಾಗಿಲು ಮುಚ್ಚಲು ಕೈ ಚಾಚಿದ. ಹತ್ತೂ ಐದಕ್ಕೆ ಬಂಧನವಾಯಿತು. ಅವನನ್ನು ಒಲೆ ವಿಭಾಗದ ಮುಂದೆಯೇ ನಡೆಸಿಕೊಂಡು ಹೋಗಬೇಕಾಯಿತು. ಒಲೆಯಕ್ಕ ಒಂದು ಸಲ ತಿರುಗಿ ನೋಡಿ, ಟ್ರೇ ಹೊರಗೆಳೆದಳು. ಬ್ರೆಡ್ಡು ಸೀಯಲು ಬಿಡಲಿಲ್ಲ.

ಠಾಣೆಯ ಪತ್ರ ಅಂದೇ ವಲಸೆ ಇಲಾಖೆ ಸೇರಿತು. ಸೋಮವಾರ, ಗಡುವಿಗೆ ಮೂರು ದಿನ ಇರುವಾಗ, ನೋಟಿಸು ರದ್ದಾಗಿ ಒಲೆಯಕ್ಕನ ಸ್ವಂತ ಹೆಸರಿನಲ್ಲಿ ಪರವಾನಗಿ ಮಂಜೂರಾಯಿತು. ಹನ್ನೆರಡೂವರೆಗೆ ಆ ಕಾರ್ಡು ಹಿಡಿದು ಆಕೆ ಠಾಣೆಗೆ ಬಂದಳು. ಮಹಿಳಾ ಕಾನ್‌ಸ್ಟೇಬಲ್ ಅದನ್ನು ಇಸಿದುಕೊಂಡು ಠಾಣೆಯವರಿಗೆಲ್ಲ ತೋರಿಸಿಕೊಂಡು ಬಂದಳು. ಹೆಡ್ ಕಾನ್‌ಸ್ಟೇಬಲ್ ಫೋಟೊ ನೋಡಿ, “ಸ್ವಲ್ಪ ನಗಬಾರದಿತ್ತೇನಮ್ಮಾ?” ಎಂದರು. ಆಕೆ ಆಗ ನಕ್ಕಳು.

ನಗು ನಿಂತ ಮೇಲೆ ಕೇಳಿದಳು: “ಯಾಕೆ ಹೀಗ್ಮಾಡಿದ್ನಂತೆ ಮೇಡಂ? ಇನ್ಯಾರಾದ್ರೂ ಇದ್ದಾರಾ?”

“ಇಲ್ಲ.” ಇನ್ಸ್‌ಪೆಕ್ಟರ್ ಅವನ ಹೇಳಿಕೆಯ ಹಾಳೆ ತಿರುಗಿಸಿದರು. “ಕಾರ್ಖಾನೆ ಕೆಲಸಕ್ಕೆ ನಿಮ್ಮನ್ನ ಸೇರಿಸಿದ್ದು ಅವರೇ ಅಂತೆ, ಅಲ್ವಾ? ಒಂಬತ್ತು ವರ್ಷದಿಂದ ಅವರು ಅದೇ ಪ್ಯಾಕಿಂಗ್ ಮೇಜಿನ ಹತ್ರ. ನಿಮ್ಮನ್ನ ಮೇಲ್ವಿಚಾರಕಿ ಮಾಡಿದ ಮೇಲೆ ಎಲ್ಲರೂ ಅವರನ್ನ ‘ಒಲೆಯಕ್ಕನ ಗಂಡ’ ಅನ್ನೋಕೆ ಶುರು ಮಾಡಿದ್ರಂತೆ. ದಿನಾ ಬೆಳಿಗ್ಗೆ ನಿಮ್ಮ ಮುಖ ನೋಡೋದು ಕಷ್ಟ ಆಯ್ತಂತೆ.”

ಒಲೆಯಕ್ಕ ಕಾರ್ಡಿನ ಅಂಚು ಸವರಿದಳು. “ಬಡ್ತಿ ಸಿಕ್ಕಿದ್ದನ್ನ ಅವತ್ತು ಮನೆಗೆ ಹೋಗಿ ಮೊದಲು ಅವನಿಗೇ ಹೇಳಿದ್ದೆ” ಎಂದಳು. ಆಮೇಲೆ ಗಡಿಯಾರ ನೋಡಿ ಎದ್ದಳು. ಒಂದಕ್ಕೆ ಪಾಳಿ.

“ಮೇಡಂ, ಜೀಪಲ್ಲಿ ಬಿಟ್ಟು ಬರ್ಲಾ?” ಹೆಡ್ ಕಾನ್‌ಸ್ಟೇಬಲ್ ಕೀಲಿಕೈ ಎತ್ತಿಕೊಂಡರು.

“ಬಿಟ್ಟು ಬನ್ನಿ” ಎಂದರು ಇನ್ಸ್‌ಪೆಕ್ಟರ್. “ಮುಂದಿನ ಸೀಟಲ್ಲಿ ಕೂರಿಸಿ. ಗೇಟಿನ ಒಳಗೇ ಹೋಗಿ ಇಳಿಸಿ, ಎಲ್ಲರೂ ನೋಡ್ಲಿ.”