ಅವರು ಎಂಬ ಅಡಗುತಾಣ

ಕಿವಿಯೊಳಗಿನ ಎರಡು ಮಣಿಗಳು ಸುಕನ್ಯಾ ಪಟಗಾರಳ ನಾಡಿಯನ್ನು ಮುಟ್ಟಿ ನೋಡಿ, ತೊಂಬತ್ತಾರು ಎಂದು ತಿಳಿದು, ಕಥೆಯನ್ನು ಬಿಟ್ಟಲ್ಲಿಂದ ಮೆಲ್ಲಗೆ ಎತ್ತಿಕೊಂಡವು. ಶನಿಗ್ರಹದ ಒಂದು ಹಿಮಚಂದ್ರ. ಅದರ ಮೇಲೆ ಕೊನೆಯ ಕಾವಲು ಠಾಣೆ. ತಂತಿ ಕತ್ತರಿಸಿದ ದ್ರೋಹಿ ಯಾರೆಂದು ಇನ್ನೂ ತಿಳಿದಿಲ್ಲ. 'ನೀನು ದೀಪ ಆರಿಸಿ ಕಾದೆ,' ಎಂದಿತು ಕಿವಿಯ ದನಿ. 'ಹೊರಗೆ ಹೆಜ್ಜೆಯ ಸದ್ದಾಯಿತು. ಅವರು ಬಂದರು.'

ನಾಡಿ ಎಂಬತ್ತಕ್ಕೆ ಇಳಿಯಿತು. ಉಸಿರು ಉದ್ದವಾಯಿತು. ಯಂತ್ರಕ್ಕೆ ಬೇಕಾದದ್ದೂ ಅದೇ.

ಏಕೆಂದರೆ ಸುಕನ್ಯಾ ಕುಳಿತಿದ್ದ ಕೋಣೆಯಲ್ಲಿ ಗಾಳಿ ಇಷ್ಟೇ ಎಂದು ಅಳೆದಿಟ್ಟಂತಿತ್ತು. ಕಾರವಾರದ ಆಚೆ, ಕಡಲ ತಳದ ಇಳಿಜಾರಿನಲ್ಲಿ ಕೂತ ಕಾವಲು ಠಾಣೆಯ ಸಂಕೇತ ಕೋಣೆ ಅದು. ಏಳು ಗಂಟೆಗಳ ಹಿಂದೆ ಮೇಲಿನ ದಿಬ್ಬದ ಕೆಸರು ಜಾರಿ ಅದರ ಎರಡೂ ಬಾಗಿಲುಗಳ ಮೇಲೆ ಕೂತುಬಿಟ್ಟಿತ್ತು. ಉಳಿದವರು ಠಾಣೆಯ ಇನ್ನೊಂದು ಕಡೆಯಿಂದ ಪಾರಾಗಿ ಮೇಲೆ ಹೋಗಿದ್ದರು. ಒಳಗೆ ಸಿಕ್ಕಿಕೊಂಡವರು ಮೂವರು. ತಂತಿ ಸಾಯುವ ಮುನ್ನ ಮೇಲಿನಿಂದ ಬಂದ ಕೊನೆಯ ಸುದ್ದಿ, ಅಗೆದು ತಲುಪಲು ನಲವತ್ತೆರಡು ಗಂಟೆ ಬೇಕು ಎಂಬುದು. ಗೋಡೆಯ ಮಾಪಕ ಆಗ ತೋರಿಸಿದ್ದು ಮೂವತ್ತಾರು ಗಂಟೆಯ ಗಾಳಿ. ನಡುವಿನ ಆರು ಗಂಟೆಯನ್ನು ಮೂವರೂ ತಮ್ಮ ಉಸಿರಿನಲ್ಲೇ ಉಳಿಸಬೇಕಿತ್ತು.

ಕಿವಿಯ ಮಣಿಗಳಿಗೆ ನಾಡಿಗಥೆ ಎಂದು ಹೆಸರು. ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ಸೈನಿಕರ ತಲೆ ಕೆಡದಿರಲೆಂದು ಹುಟ್ಟಿದ ಯಂತ್ರ ಅದು. ಕೇಳುಗರ ನಾಡಿಯನ್ನೂ ಉಸಿರನ್ನೂ ಗಮನಿಸುತ್ತ ಕಥೆ ಹೆಣೆಯುತ್ತದೆ. ನಾಡಿ ಏರಿದರೆ ಕಥೆಯಲ್ಲಿ ಯಾರೋ ಚಹಾ ಕಾಯಿಸುತ್ತಾರೆ. ಬೇಸರ ಬಂದರೆ ಬಾಗಿಲಾಚೆ ಒಂದು ಸದ್ದಾಗುತ್ತದೆ. ಇಂಥ ಕಥೆ ಬೇಕೆಂದು ಯಾರೂ ಕೇಳಬೇಕಿಲ್ಲ. ಮನಸ್ಸು ಯಾವುದಕ್ಕೆ ಕಿವಿ ನಿಮಿರಿಸುತ್ತದೆಂದು ಯಂತ್ರವೇ ಮೂರು ವಾರ ತಡಕಾಡಿ ಕಂಡುಕೊಳ್ಳುತ್ತದೆ. ಠಾಣೆಯ ಅಡುಗೆಯವನಿಗೆ ಅದು ರೈಲು ದರೋಡೆಯನ್ನು ಹೇಳುತ್ತಿತ್ತು. ಸುಕನ್ಯಾಳಿಗೆ ಒಬ್ಬ ಸಂಕೇತಗಾರ್ತಿಯ ಕಥೆ ಹೇಳಿತು. ಆಕೆಗೆ ತನ್ನ ಮೇಲಧಿಕಾರಿಯ ಮೇಲೆ ಪ್ರೀತಿ. ಮೇಲಧಿಕಾರಿಯೂ ಹೆಣ್ಣು. ತನಗೆ ತಾನೇ ಹೇಳಿಕೊಳ್ಳದ ಮಾತನ್ನು ಮೊದಲ ಸಲ ಕಿವಿಯಲ್ಲಿ ಕೇಳಿದ ದಿನ ಸುಕನ್ಯಾ ಊಟ ಬಿಟ್ಟು ಬಂಕಿನಲ್ಲಿ ಮುಸುಕು ಹಾಕಿ ಮಲಗಿದ್ದಳು.

ಆದರೂ ಅವಳಿಗೊಂದು ಆಸರೆ ಇತ್ತು. ಮೇಲಧಿಕಾರಿಯನ್ನು ಯಂತ್ರ 'ಅವರು' ಎಂದೇ ಕರೆಯುತ್ತಿತ್ತು. ಊಟದ ಮೇಜಿನಲ್ಲಿ ಎಲ್ಲರೂ ತಂತಮ್ಮ ಕಥೆ ಹಂಚಿಕೊಳ್ಳುವಾಗ ಅವಳೂ 'ಅವರು ಹೀಗಂದರು, ಅವರು ಹಾಗೆ ಮಾಡಿದರು' ಎಂದು ಎರಡು ಮಾತು ಹೇಳಿ ಸುಮ್ಮನಾಗುತ್ತಿದ್ದಳು. ಕೇಳಿದವರು ಮೀಸೆ ತೀಡುವ ಯಾವನೋ ಕ್ಯಾಪ್ಟನನನ್ನು ಊಹಿಸಿಕೊಂಡು ಅವಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ಕನ್ನಡದ ಆ ಒಂದು ಮರ್ಯಾದೆಯ ಮಾತಿನೊಳಗೆ ಅವಳು ಎರಡು ವರ್ಷ ಅಡಗಿ ಕೂತಿದ್ದಳು.

ಈಗ ಆ 'ಅವರು' ಎರಡು ಮಾರು ದೂರದಲ್ಲಿ ಗೋಡೆಗೊರಗಿ ಏದುಸಿರು ಬಿಡುತ್ತಿದ್ದರು. ಸುಬೇದಾರ್ ಶಿವಲೀಲಾ ಮುಗಳಿ, ಬೈಲಹೊಂಗಲದ ಕಡೆಯವಳು. ನೀರು ನುಗ್ಗುತ್ತಿದ್ದ ಬಾಗಿಲನ್ನು ಭುಜ ಕೊಟ್ಟು ಮುಚ್ಚಿದ್ದೇ ಅವಳು. ಅಗುಳಿ ತಿರುಗಿ ಪಕ್ಕೆಗೆ ಹೊಡೆದು ಎರಡು ಎಲುಬು ಮುರಿದಿದ್ದವು. ಉಸಿರು ಅರ್ಧಕ್ಕೇ ನಿಂತು, ಅರ್ಧದಿಂದಲೇ ಮತ್ತೆ ಶುರುವಾಗುತ್ತಿತ್ತು.

ಮೂರನೆಯವರು ಯಂತ್ರವನ್ನು ರೂಪಿಸಿದ ಮೂಡುಬಿದಿರೆಯ ಡಾ. ಪದ್ಮರಾಜ ಇಂದ್ರ. ವಾರದ ಮಟ್ಟಿಗೆ ಪರಿಶೀಲನೆಗೆಂದು ಬಂದು ಸಿಕ್ಕಿಬಿದ್ದಿದ್ದರು. ಬೆಕ್ಕಿಗೂ ಬಹುವಚನ ಹಚ್ಚುವ ಮನುಷ್ಯ. ಮಡಿಲ ಮೇಲಿನ ಗಾಜಿನ ಹಲಗೆಯಲ್ಲಿ, ಮುಂಗೈ ಪಟ್ಟಿಗಳು ಕಳಿಸುವ ಮೂವರ ನಾಡಿಯನ್ನೂ ನೋಡುತ್ತ ಕೂತಿದ್ದ ಅವರು ಕೊನೆಗೆ ಬಾಯಿ ಬಿಟ್ಟರು. ಸುಬೇದಾರರು ಹೀಗೇ ಉಸಿರಾಡಿದರೆ ಮೂವತ್ತಾರು ಗಂಟೆಯೂ ಉಳಿಯದು, ಅದಕ್ಕಿಂತ ಮೊದಲು ಅವರ ಎದೆಯೇ ಸೋಲುತ್ತದೆ ಎಂದರು. ಸುಬೇದಾರರ ಉಸಿರು ಇಳಿಸಲು ಒಂದು ಕಥೆ ಬೇಕಿತ್ತು.

ಶಿವಲೀಲಾ ಎಂದೂ ಮಣಿ ಹಾಕಿದವಳಲ್ಲ. "ನಂಗ ಕಥಿ-ಗಿಥಿ ಹಿಡಸೂದಿಲ್ಲ," ಎಂದಳು ಕಣ್ಣು ಮುಚ್ಚಿಕೊಂಡೇ. ಹೊಸ ಕೇಳುಗರ ಪರಿಚಯವಾಗಲು ಯಂತ್ರಕ್ಕೆ ಮೂರು ವಾರ ಬೇಕು. ಒಂದೇ ದಾರಿ ಉಳಿದಿದೆ ಎಂದರು ಇಂದ್ರರು, ಕಥೆಕಸಿ. ಒಬ್ಬರಲ್ಲಿ ಬೆಳೆದ ಕಥೆಯನ್ನು ಇನ್ನೊಬ್ಬರ ನಾಡಿಗೆ ಕಸಿ ಕಟ್ಟುವುದು. ಬೇರೆ ಗಿಡದ ಟೊಂಗೆಯನ್ನು ಈ ಗಿಡ ಒಪ್ಪುತ್ತದೋ ಇಲ್ಲವೋ ಎಂದು ಮೊದಲೇ ಲೆಕ್ಕ ಹಾಕಬಹುದು. ತಮ್ಮದೇ ಕಥೆಯನ್ನು ಮೊದಲು ಹಚ್ಚಿ ನೋಡಿದರು. ಅದು ಒಂದು ಸಾಕಾನೆಯ ಕಥೆ. ನೂರಕ್ಕೆ ಹನ್ನೊಂದು ಬಂತು. ಸುಕನ್ಯಾಳದನ್ನು ಹಚ್ಚಿದರು.

"ತೊಂಬತ್ತಮೂರು," ಎಂದರು ಕನ್ನಡಕ ಸರಿಮಾಡಿಕೊಂಡು. "ಇಂಥ ಹೊಂದಿಕೆಯನ್ನು ನಾನು ಅವಳಿಜವಳಿಗಳಲ್ಲೂ ಕಂಡದ್ದಿಲ್ಲ. ಏನು ಕಾರಣವೋ."

ಕಾರಣ ಸುಕನ್ಯಾಳಿಗೆ ಗೊತ್ತಿತ್ತು. ಆ ಕಥೆಯ ತುಂಬ ಶಿವಲೀಲೆಯೇ ಇದ್ದಳು. ಅವಳ ಕೆಮ್ಮು, ಅವಳು ಬೈಯುವ ರೀತಿ, ಎಡಗಾಲು ತುಸು ಎಳೆದು ನಡೆಯುವುದು, ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿಯುವುದು, ಎಲ್ಲವನ್ನೂ ಯಂತ್ರ ಸುಕನ್ಯಾಳ ನಾಡಿಯಿಂದ ಹೆಕ್ಕಿ ಹೆಕ್ಕಿ ಹಿಮಚಂದ್ರದ ಮೇಲೆ ಇಟ್ಟಿತ್ತು.

"ಬೇಡ ಡಾಕ್ಟ್ರೇ. ಅದ್ರಲ್ಲಿ ಎಂತದೂ ಇಲ್ಲ."

"ಏನೈತಿ ಅದರಾಗ, ಹಂಗ ಬೆದರಿ ಕುಂತಿ?" ಶಿವಲೀಲಾ ಕಣ್ಣು ತೆರೆದು ಕೇಳಿದಳು. ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು. ಅವಳ ತುಟಿಯ ಬಣ್ಣ ಬದಲಾಗಿದ್ದುದನ್ನು ಸುಕನ್ಯಾ ಆಗ ಕಂಡಳು.

ಎದ್ದು ಓಡಿಹೋಗಲು ಅಲ್ಲಿ ಜಾಗವೇ ಇರಲಿಲ್ಲ. ಕಸಿ ಮಾಡಿದರೆ ಕಥೆ ಬದಲಾಗುತ್ತದೆಯೇ, 'ಅವರು' ಇದ್ದದ್ದು 'ಅವರು' ಆಗಿಯೇ ಇರುತ್ತದೆಯೇ ಎಂದು ಸುತ್ತಿ ಬಳಸಿ ಕೇಳಿದಳು. ಸಂಗತಿಯೊಂದೂ ಬದಲಾಗುವುದಿಲ್ಲ, ಬರಿಯ ವ್ಯಾಕರಣ ಅಷ್ಟಿಷ್ಟು ಸರಿಹೋಗುತ್ತದೆ ಎಂದರು ಇಂದ್ರರು. ಹಿಂದೊಮ್ಮೆ ಯಂತ್ರ ಒಬ್ಬ ಬ್ರಿಗೇಡಿಯರರನ್ನು 'ನೀನು' ಎಂದು ಕರೆದು ನಾಲ್ಕು ತಿಂಗಳು ಕೆಲಸವೇ ನಿಂತುಹೋಗಿತ್ತಂತೆ. ಅಂದಿನಿಂದ ಅದರೊಳಗೊಂದು ಮರ್ಯಾದಾಪಟ್ಟಿ ಇಟ್ಟಿದ್ದರು. ಯಾರಿಗೆ ಯಾರು ಹಿರಿಯರೆಂದು ನೋಡಿಕೊಂಡು ಅದು ಮಾತಾಡುತ್ತದೆ. ಅಷ್ಟೇ ತಾನೆ ಎಂದುಕೊಂಡಳು ಸುಕನ್ಯಾ. ತನ್ನ ಎಡಗಿವಿಯ ಮಣಿ ತೆಗೆದು, ಸುಬೇದಾರಳ ಪಕ್ಕದಲ್ಲಿ ಮಂಡಿಯೂರಿ, ಕೂದಲು ಸರಿಸಿ ಅವಳ ಕಿವಿಗಿಟ್ಟಳು.

ಮೊದಲ ಹತ್ತು ನಿಮಿಷ ಕಥೆ ಸುಕನ್ಯಾಳದ್ದಾಗಿಯೇ ನಡೆಯಿತು. ಹಿಮ, ಕತ್ತರಿಸಿದ ತಂತಿ, ಹೆಜ್ಜೆ ಸದ್ದು, ಅವರು. ಶಿವಲೀಲಾಳ ಉಸಿರು ಒಂದೊಂದೇ ಎಳೆ ಉದ್ದವಾಗತೊಡಗಿತು. ಅಷ್ಟರಲ್ಲಿ ಯಂತ್ರಕ್ಕೆ ಹೊಸ ಕೇಳುಗರ ಗುರುತು ಹತ್ತಿತು. ಕಿವಿಯ ದನಿ ಒಂದು ಕ್ಷಣ ತಡೆದು, ಮರ್ಯಾದಾಪಟ್ಟಿ ನೋಡಿಕೊಂಡು, ಕಿರಿಯಳನ್ನು ಬಿಟ್ಟು ಹಿರಿಯಳಿಗೆ ಕಥೆ ಒಪ್ಪಿಸಿತು.

'ನೀವು ಹಿಮದ ಬಾಗಿಲಲ್ಲಿ ನಿಂತಿದ್ದಿರಿ. ಒಳಗೆ ದೀಪ ಆರಿಸಿಕೊಂಡು ಅವಳು ಕಾದಿದ್ದಳು.'

ಅವಳು. ಹಿರಿಯರ ಬಾಯಲ್ಲಿ ಕಿರಿಯಳಿಗೆ 'ಅವರು' ಸಲ್ಲುವುದಿಲ್ಲ. ಅಷ್ಟು ಸಣ್ಣ ಸಂಗತಿ ಸುಕನ್ಯಾಳಿಗೆ ಹೊಳೆದಿರಲಿಲ್ಲ, ಅದನ್ನು ಬರೆದ ಇಂದ್ರರಿಗೂ ಹೊಳೆದಿರಲಿಲ್ಲ. 'ನಿಮ್ಮ ಹೆಜ್ಜೆಯನ್ನು ಅವಳು ನೂರು ಹೆಜ್ಜೆಗಳ ನಡುವೆ ಗುರುತಿಸಬಲ್ಲಳು. ಎಡಗಾಲು ತುಸು ಎಳೆಯುತ್ತದೆ. ಆ ಸದ್ದಿಗೆ ಅವಳ ಜೀವ ಬಾಯಿಗೆ ಬರುತ್ತದೆ.'

"ಏರುತ್ತಿದೆ," ಎಂದರು ಇಂದ್ರರು ಹಲಗೆ ನೋಡುತ್ತ. "ಸುಬೇದಾರರದ್ದು ನೂರಹದಿನೆಂಟು. ಯಾಕಪ್ಪಾ?"

ಸುಕನ್ಯಾಳ ಕೈ ಶಿವಲೀಲೆಯ ಕಿವಿಯವರೆಗೆ ಹೋಯಿತು. ಮಣಿ ಕಿತ್ತುಬಿಟ್ಟರೆ ಕಥೆ ಅಲ್ಲಿಗೇ ನಿಲ್ಲುತ್ತದೆ, ಯಂತ್ರ ಕೆಟ್ಟಿತು ಅಂದುಬಿಡಬಹುದು. ಆದರೆ ಆ ಉಸಿರಿಗೆ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ. ಅವಳು ಕೈಯನ್ನು ಹಿಂದಕ್ಕೆ ತಂದು ತನ್ನ ಮಡಿಲಲ್ಲಿಟ್ಟುಕೊಂಡಳು. ಕಥೆ ಮುಂದೆ ಸಾಗಿತು. ನಾಡಿ ಏರಿದ್ದರಿಂದ ಯಂತ್ರ ದ್ರೋಹಿಯನ್ನು ಬದಿಗಿಟ್ಟು ಹಿಮಚಂದ್ರದಲ್ಲಿ ಚಹಾ ಕಾಯಿಸಿತು. ಅವಳು ನಿಮಗೆ ಲೋಟ ಕೊಟ್ಟಳು, ನೀವು ಎರಡೂ ಕೈಯಲ್ಲಿ ಹಿಡಿದಿರಿ ಎಂದು ಬಿಡಿಸಿ ಬಿಡಿಸಿ ಹೇಳಿತು. ಸುಕನ್ಯಾ ಬಲಗಿವಿಯಲ್ಲಿ ಅದನ್ನೆಲ್ಲ ಕೇಳುತ್ತ, ಉಕ್ಕಿನ ನೆಲದ ಒಂದು ತಿರುಪುಮೊಳೆಯನ್ನು ದಿಟ್ಟಿಸುತ್ತ ಕೂತಳು.

"ಎಷ್ಟ ದಿನದಿಂದ?" ಶಿವಲೀಲಾ ಕೇಳಿದಳು.

"ಎರಡು ವರ್ಷ, ಮೇಡಂ."

"ಎರಡ ವರ್ಷ ನನ್ನ ಕಾಲಸಪ್ಪಳ ಕೇಳಕೋತ ಕುಂತಿ. ಒಂದ ಮಾತ ಆಡಲಿಲ್ಲ." ಸುಕನ್ಯಾ ಬೈಗುಳಕ್ಕೆ ಕಾದಳು. ಶಿವಲೀಲಾ ಕೈ ಎತ್ತಿ ತನ್ನ ಕಿವಿಯ ಮಣಿಯನ್ನು ತಾನೇ ತೆಗೆದು ಅವಳ ಅಂಗೈಯಲ್ಲಿಟ್ಟಳು. "ಈ ಮಷಿನ್ ಮಾತ ಬ್ಯಾಡ ನಂಗ. ಮುಂದಿಂದು ನೀನ ಹೇಳು."

ಇಂದ್ರರು ಗಾಬರಿಯಾದರು. ಕಥೆ ನಿಲ್ಲಿಸುವುದು ಅಪಾಯ, ನಾಡಿ ನೋಡದೆ ಕಥೆ ಹೇಳಲು ಮನುಷ್ಯರಿಂದಾಗದು ಎಂದು ಶಾಸ್ತ್ರವಾಗಿ ವಿವರಿಸಿದರು. ಅವರ ಮಾತು ಮುಗಿಯುವುದರೊಳಗೆ ಸುಕನ್ಯಾ ಶುರುಮಾಡಿದ್ದಳು. ನಾಲ್ಕು ಜನರ ಮುಂದೆ ನಾಲ್ಕು ಮಾತಾಡಿ ಗೊತ್ತಿಲ್ಲದವಳು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಎದುರಿಗಿರುವವಳಿಗೇ ಅವಳ ಕಥೆ ಹೇಳುವಾಗ 'ಅವರು' ಎನ್ನುವಂತಿಲ್ಲ. 'ನೀವು' ಎಂದರೆ ಕವಾಯತಿನ ಮೈದಾನ ನೆನಪಾಗುತ್ತದೆ. ಇನ್ನೊಂದು ಮಾತು ಬಾಯಿಗೆ ಬರುವುದಿಲ್ಲ. ಹೀಗಾಗಿ ಕ್ರಿಯಾಪದದ ತಲೆ ಬಾಲ ಕತ್ತರಿಸಿಕೊಂಡು ಹೇಳಿದಳು. "ಆಮೇಲೆ ಬಂದದ್ದಾಯ್ತು. ಬಾಗಿಲ ಹತ್ರ ನಿಂತದ್ದಾಯ್ತು."

"ಯಾರ ಬಂದದ್ದು? ದನಾನ?"

ನಗು ಪಕ್ಕೆಗೆ ನಾಟಿ ಶಿವಲೀಲಾ ಹಲ್ಲು ಕಚ್ಚಿದಳು. "ನೀವು," ಎಂದಳು ಸುಕನ್ಯಾ ಗಾಬರಿಯಿಂದ.

"ನೀವು ಅಂದ್ರ ಸುಬೇದಾರ. ಆಕಿ ಬಾಗಿಲ ಆಚಿ ಉಳದಾಳ. ನಮ್ಮ ಕಡೆ ಹಡದವ್ವಗ ನೀ ಅಂತೀವಿ, ದೇವರಿಗೂ ನೀ ಅಂತೀವಿ."

ಆ ಒಂದು ಅಕ್ಷರ ತುಟಿ ದಾಟಲು ಸುಕನ್ಯಾಳಿಗೆ ಹಿಮಚಂದ್ರವನ್ನು ಇಡೀ ಒಂದು ಸುತ್ತು ಹಾಕಿ ಬಂದಷ್ಟು ಹೊತ್ತು ಹಿಡಿಯಿತು. ಕಡೆಗೆ ಕಣ್ಣು ಮುಚ್ಚಿ ಅಂದಳು. "ನೀನು ಬಂದೆ." ಅಂದಮೇಲೆ ಏನೂ ಆಗಲಿಲ್ಲ. ಛಾವಣಿ ಕಳಚಲಿಲ್ಲ. ಶಿವಲೀಲಾ ಅವಳ ಅಂಗೈಯನ್ನು ತೆಗೆದುಕೊಂಡು ಮುರಿಯದ ಪಕ್ಕೆಯ ಮೇಲೆ ಇಟ್ಟುಕೊಂಡಳು, ಉಸಿರಿನ ಏರಿಳಿತಕ್ಕೆ ತಕ್ಕಂತೆ ಕಥೆ ಹೇಳು ಎಂಬಂತೆ. ಸುಕನ್ಯಾ ಹಾಗೇ ಹೇಳಿದಳು. ಮಾತಿಗಿಂತ ಮಾತಿನ ನಡುವೆ ಬಿಟ್ಟ ತೆರಪೇ ಹೆಚ್ಚು. ಇಂದ್ರರ ಹಲಗೆಯಲ್ಲಿ ಎರಡು ನಾಡಿಗಳೂ ಅರವತ್ತಕ್ಕಿಳಿದು ಒಂದೇ ಗೆರೆಯಾದವು. ಎಚ್ಚರವಿರುವವರು ಇಷ್ಟು ನಿಧಾನವಿರುವುದನ್ನು ಅರಿಯದ ಯಂತ್ರ, 'ಕೇಳುಗರು ನಿದ್ರಿಸಿದ್ದಾರೆ' ಎಂದು ಬರೆದು ತಾನೂ ಮಲಗಿತು. ಇಂದ್ರರು ಗೋಡೆಯ ಕಡೆ ಮುಖ ಮಾಡಿ ಮಲಗಿದವರು, ಎಷ್ಟೋ ಹೊತ್ತಿನ ಮೇಲೆ ಅತ್ತ ತಿರುಗಿಕೊಂಡೇ, ಹಾಗಾದರೆ ಆ ದ್ರೋಹಿ ಯಾರಿರಬಹುದು ಎಂದು ಮೆಲ್ಲಗೆ ವಿಚಾರಿಸಿದರು. ತಮ್ಮ ಆನೆಯನ್ನು ಅವರು ಎಂದೋ ಕಿವಿಯಿಂದ ತೆಗೆದಿಟ್ಟಿದ್ದರು.

ಗಾಳಿ ದಪ್ಪವಾಗತೊಡಗಿದಾಗ ಸುಕನ್ಯಾ ಕೇಳಬಾರದ್ದನ್ನು ಕೇಳಿದಳು. ಹೊರಗೆ ಹೋದ ಮೇಲೆ? ಶಿವಲೀಲಾ ಸುಳ್ಳು ಹೇಳಲಿಲ್ಲ. ಇಲ್ಲಿ ಸಾಯುವ ಹೆದರಿಕೆಯಲ್ಲಿ ಆಡಿದ್ದು ಅಲ್ಲಿ ಎಷ್ಟು ಉಳಿಯುತ್ತದೋ ತನಗೂ ತಿಳಿಯದು, ಹದಿನಾರು ವರ್ಷ ಈ ಬೂಟಿನೊಳಗೆ ಕಾಲಿಟ್ಟವಳು ತಾನು ಎಂದಳು. ಸುಕನ್ಯಾ ಹೂಂ ಎಂದು ಕಥೆ ಮುಂದುವರಿಸಿದಳು.

ನಲವತ್ತೊಂದನೆಯ ಗಂಟೆಗೆ ಛಾವಣಿಯ ಮೇಲೆ ತಟ್ಟಿದ ಸದ್ದಾಯಿತು. ಬಾಗಿಲು ಕತ್ತರಿಸಿ ಮೂವರನ್ನೂ ಹಡಗಿಗೆ ಏರಿಸಿದಾಗ ಮಟಮಟ ಮಧ್ಯಾಹ್ನ. ಕಣ್ಣು ಕುಕ್ಕುವ ಬಿಸಿಲು. ಹಡಗಿನ ಮೇಲೆ ಕರ್ನಲ್ ಸಾಹೇಬರು, ಮೂವತ್ತು ಜನ ಸೈನಿಕರು ಸಾಲಾಗಿ ನಿಂತಿದ್ದರು. ಶಿವಲೀಲಾಳನ್ನು ಸ್ಟ್ರೆಚರಿನಲ್ಲಿ ಎತ್ತಿಕೊಂಡಿದ್ದರು. ಅಲೆಗೆ ಹಡಗು ವಾಲಿ ಸ್ಟ್ರೆಚರೂ ವಾಲಿತು. ಪಕ್ಕದಲ್ಲಿ ನಡೆಯುತ್ತಿದ್ದ ಸುಕನ್ಯಾ ಥಟ್ಟನೆ ಬಾಗಿ ಅವಳ ಕೈ ಹಿಡಿದಳು. "ಕೈ ಬಿಡಬೇಡ ನೀನು," ಎಂದಳು, ಎಲ್ಲರಿಗೂ ಕೇಳುವಂತೆ.

ಕರ್ನಲ್ ಸಾಹೇಬರು ತಿರುಗಿದರು.

"ಸುಬೇದಾರರಿಗೆ ಈಗ ಏನೆಂದಿರಿ?"

ತಪ್ಪಾಯಿತು ಸರ್ ಎಂಬ ಮಾತು ಅಭ್ಯಾಸಬಲದಿಂದ ಸುಕನ್ಯಾಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇಂದ್ರರು ಒದ್ದೆ ಕನ್ನಡಕದೊಂದಿಗೆ ಅಡ್ಡ ಬಂದು, "ಗಾಳಿ ಕಡಿಮೆಯಾದಾಗ ವ್ಯಾಕರಣ ತಪ್ಪುವುದುಂಟು, ಕರ್ನಲರೇ. ಇದಕ್ಕೆ ಆಧಾರಗಳಿವೆ," ಎಂದರು. ಜೀವಮಾನದಲ್ಲಿ ಆಧಾರವಿಲ್ಲದೆ ಅವರಾಡಿದ ಮೊದಲ ಮಾತು ಅದಿರಬೇಕು.

ಅದನ್ನು ಹಿಡಿದುಕೊಂಡರೆ ಸಾಕಿತ್ತು. ಎಲ್ಲರೂ ಪಾರಾಗುತ್ತಿದ್ದರು. ಸುಕನ್ಯಾ ಮೆಲ್ಲಗೆ ತನ್ನ ಕೈ ಬಿಡಿಸಿಕೊಳ್ಳಲು ನೋಡಿದಳು.

ಕೈ ಬರಲಿಲ್ಲ.

"ವ್ಯಾಕರಣ ಬರೋಬರಿ ಐತ್ರಿ ಸಾಹೇಬ್ರ," ಎಂದಳು ಶಿವಲೀಲಾ ಸ್ಟ್ರೆಚರಿನ ಮೇಲಿಂದ, ಬಿಸಿಲಿಗೆ ಕಣ್ಣು ಕಿರಿದು ಮಾಡಿ. "ಆಕಿ ನನಗ ಹಂಗ ಅನ್ನೂದು."