ಕಲೆ ಬಿಡದ ಮಲ್ಲಿಗೆ

ಬೆಳಿಗ್ಗೆ ಏಳು ಗಂಟೆ. ತಾಯಿಯ ಕೋಣೆಯ ಬೀಗ ತೆಗೆದ ಸಮತಾ ಹೊಸ್ತಿಲಲ್ಲೇ ನಿಂತಳು. ತಾಯಿ ಮಾರೆಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಮಂಚದ ಮೇಲೆ ಅವಳ ಬಿಳಿ ಸೀರೆ ಹಾಸಿತ್ತು — ಒದ್ದೆಯಾಗಿ. ಕೋಣೆಯ ತುಂಬ ಮಲ್ಲಿಗೆಯ ಕಂಪು.

ಹೊರಗೆ, ಹಡಗಲಿಯ ಅವರ ಮಲ್ಲಿಗೆ ತೋಟದಲ್ಲಿ, ಮೊಗ್ಗು ಬಿರಿಯಲು ಸಂಜೆಯಾಗಬೇಕು. ಬಿರಿಯದ ಮೊಗ್ಗಿಗೆ ಕಂಪೆಲ್ಲಿಯದು? ಹೂ ಬಿಡಿಸಲು ಬಂದ ಹೆಂಗಸರು ಮಾರೆಮ್ಮನ ದೆವ್ವವೆಂದು ಬುಟ್ಟಿ ಬಿಟ್ಟು ಓಡಿದರು. ಇದು ಮೂರನೆಯ ಸಲ. ಅವರು ಬರದಿದ್ದರೆ ತೋಟ ಉಳಿಯದು. ಅದನ್ನು ಕಿತ್ತು ಸೈಟು ಮಾಡಲು ಅಣ್ಣ ಹುಲುಗೇಶ್ ಕಾದಿದ್ದ.

ಮಧ್ಯಾಹ್ನ ಸಮತಾ ಕರೆಸಿದ್ದ ಗೀತಮ್ಮ ಬಂದರು. ಅಪರಾಧ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದವರು.

"ಬೀಗದ ಕೈ ಯಾರತ್ರ ಐತಿ?"

"ನನ್ನತ್ರ, ಅಣ್ಣನತ್ರ, ತೋಟ ಕಾಯೋ ಅಂಜಿನೇಯಲು ಹತ್ರ," ಎಂದಳು ಸಮತಾ.

"ಇವನ್ನ ಕೇಳ್ರಿ ಮೇಡಂ!" ಹುಲುಗೇಶ್ ಕಾವಲುಗಾರನತ್ತ ಕೈ ಮಾಡಿದ. "ಅವ್ವ ತೋಟದ ಹೂವಿಂದ ತೆಗೆಸಿ ಪೆಟ್ಟಿಗ್ಯಾಗ ಇಟ್ಟಿದ್ದ ಮಲ್ಲಿಗಿ ಎಣ್ಣಿ ಸೀಸೆ ಕಾಣವಲ್ದು. ಕದ್ದು ಚಿಮುಕಿಸ್ಯಾನ."

"ಹಂಗಾರ ದೆವ್ವಕ್ಕೂ ನನ್ನ ಬೀಗದ ಕೈನ ಬೇಕಾತೇನ್ರಿ ಅಣ್ಣಾರ?" ಎಂದ ಅಂಜಿನೇಯಲು.

ಗೀತಮ್ಮ ಸೀರೆಯನ್ನು ಹುಲುಗೇಶ್‌ಗೆ ಚಾಚಿದರು. "ಕೊಟ್ಟೂರಾಗ ಊದಿನಕಡ್ಡಿ ಮಾಡಿಸೋರು ನೀವು. ಮೂಸಿ ಹೇಳ್ರಿ. ಅದ ಎಣ್ಣಿ ಏನು?"

"ಅದ ರೀ. ನನ್ನ ಮೂಗು ತಪ್ಪಂಗಿಲ್ಲ."

ಗೀತಮ್ಮ ಸೀರೆಯನ್ನು ಕಿಟಕಿಗೆ ಹಿಡಿದರು. ಒಣಗಿತ್ತು. ಒಂದು ಚುಕ್ಕೆಯೂ ಇಲ್ಲ.

"ಹೂವಿನಿಂದ ತೆಗೆದ ಎಣ್ಣಿ ಕಂದು ಬಣ್ಣ. ಬಿಳಿ ಬಟ್ಟಿಗೆ ಕಲೆ ಬಿಡತೈತಿ. ಸಿಹಿ ಕೆಳಗ ಒಂದೀಟು ಕೊಳೆತ ವಾಸನಿ ಇರತೈತಿ — ಇಂಡೋಲ್. ಹೆಣದಾಗೂ ಅದು ಹುಟ್ಟತೈತಿ. ಊದಿನಕಡ್ಡಿಗೆ ಹಾಕೋ ಅಗ್ಗದ ರಾಸಾಯನಿಕ ಸೆಂಟಿಗೆ ಬರೀ ಸಿಹಿ. ಈ ಸೀರಿಗೂ ಬರೀ ಸಿಹಿ. ಅಂಜಿನೇಯಲುಗ ವ್ಯತ್ಯಾಸ ತಿಳಿಯದಿದ್ರ ಸರಿ. ದಿನಾ ಅದರಾಗ ಕೈ ಅದ್ದೋ ನಿಮಗ ತಿಳೀಲಿಲ್ಲೇನು? ನಿಮ್ಮ ಮೂಗು ತಪ್ಪಿಲ್ಲ, ಹುಲುಗೇಶ್. ಸುಳ್ಳು ಹೇಳಿದ್ದು ನೀವು. ಸೆಂಟು ಸುರಿದದ್ದೂ ನೀವು."

ಹುಲುಗೇಶ್ ಜೇಬಿನಿಂದ ತಾಯಿಯ ಎಣ್ಣೆಯ ಪುಟ್ಟ ಸೀಸೆ ತೆಗೆದ. ತುಂಬಿತ್ತು.

"ಮೊದ್ಲು ಇದನ್ನ ಸುರಿಯಾಕಂತ ಒಯ್ದಿದ್ದೆ... ಕೈ ಬರಲಿಲ್ಲ."

ಸಮತಾ ಸೀಸೆ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು. ಮೊದಲು ಸಿಹಿ. ಆಮೇಲೆ, ಅದರ ಹಿಂದೆಯೇ, ತಾಯಿಯನ್ನು ಕೊನೆಯ ಸಲ ಮೀಯಿಸಿದ ದಿನದ ವಾಸನೆ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಮಾರೆಮ್ಮ ನಿಜವಾಗಿ ಕೋಣೆಯೊಳಗೆ ಬಂದಿದ್ದಳು.

"ನಾಳಿ ಹೆಣ್ಣಾಳು ಕರೀಲೇನವ್ವ?" ಅಂಜಿನೇಯಲು ಮೆಲ್ಲಗೆ ಕೇಳಿದ.

ಸಮತಾ ಹೂಂ ಎಂದು ತಲೆಯಾಡಿಸಿದಳು. ಮುಚ್ಚಳ ಮಾತ್ರ ಹಾಕಲಿಲ್ಲ.