ತೆರೆದೇ ಇರಬೇಕಾದ ಬೀಗ

"ಫೋಟೋ ಎಲ್ಲದರದ್ದೂ ತೆಗೀರಿ ಪೊರ್ಬುಗಳೇ, ಬೇಡ ಹೇಳುವುದಿಲ್ಲ. ಆದ್ರೆ ಒಳಕೋಣೆ ಬಾಗಿಲಲ್ಲಿ ಒಂದು ಬೀಗ ನೇತಾಡ್ತಾ ಉಂಟು. ಅದು ತೆರೆದುಕೊಂಡುಂಟು, ಹಾಗೇ ಇರ್ಲಿ. ಮತ್ತೆ ಅಲ್ಲಿ ನಿಂತು ನಿಮ್ಮವರ ಹೆಸರು ಬಾಯಿಗೆ ತರ್ಬೇಡಿ."

ಜೋಸ್ವಿನ್ ಸುಲೈಮಾನಿ ಚಾದ ಗ್ಲಾಸು ಕೆಳಗಿಟ್ಟು ಗಹಗಹಿಸಿ ನಕ್ಕ. "ಯಾಕೆ ಕಾಕ, ಬೀಗಕ್ಕೆ ಕಿವಿ ಉಂಟಾ?"

ಶುಕೂರ್ ಕಾಕ ನಗಲಿಲ್ಲ. ಫರಂಗಿಪೇಟೆಯಿಂದ ಬಂದು ಮದೀನತ್ ಜಾಯೆದ್‌ನ ಆ ಮೂಲೆಯಲ್ಲಿ ಕೆಫೆಟೇರಿಯಾ ಹಾಕಿ ಮೂವತ್ತು ವರ್ಷ ಕಳೆದವರು. ಎದುರಿನ ಹಳೇ ಮನೆಯ ಕಡೆ ನೋಡದೆಯೇ ಹೇಳಿದರು: "ಆ ಮನೆಯ ದೊಡ್ಡ ಮಗ ತಮ್ಮನ ಮೇಲೆ ಮಾಟ ಮಾಡಿಸಿದ್ದು. ಕೋರ್ಟಿನಲ್ಲಿ ಸಾಕ್ಷಿ ಹೇಳ್ಬಾರ್ದು ಅಂತ. ತಮ್ಮನ ಹೆಸರು ಹೇಳಿ ಬೀಗ ಒತ್ತಿದ, ಅಷ್ಟೇ. ಅವನ ಮಾತು ನಿಂತೇ ಹೋಯ್ತು. ಕಣ್ಣಾರೆ ಕಂಡದ್ದು ಮಾರಾಯ್ರೆ."

"ಮತ್ತೆ ಅದನ್ನು ತೆರೆದದ್ದು ಯಾರು?"

ಕಾಕ ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದರು. "ಅದೆಲ್ಲ ಬೇಡ."

ಊರಿನ ಕ್ರೈಸ್ತರೆಲ್ಲ ಕಾಕನಿಗೆ ಪೊರ್ಬುಗಳೇ. ಈ ಪೊರ್ಬು ಜೋಸ್ವಿನ್ ಡಿಸೋಜನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಶಿರ್ವದಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದಾಗ ಮುಖ ಗಂಟಿಕ್ಕಿಕೊಂಡ ಮಾವಂದಿರನ್ನೂ ಮಾತಾಡಿಸಿಯೇ ನಗಿಸಿದ ಪುಣ್ಯಾತ್ಮ. ಈ ಅರಬ್ ದೇಶಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಕೆಡವಲಿರುವ ಕಟ್ಟಡಗಳ ಫೋಟೋ ತೆಗೆದು ಕಚೇರಿಯ ಫೈಲಿಗೆ ಒಪ್ಪಿಸುವ ಕೆಲಸ. ನರ್ಸ್ ಆಗಿರುವ ಹೆಂಡತಿ ಉರ್ಸುಲಾ, ಆರು ವರ್ಷದ ಮಗಳು ಫಿಯೋನಾ ಅವನ ಜೊತೆ ಇಲ್ಲೇ ಖಲೀಫಾ ಸಿಟಿಯಲ್ಲಿದ್ದರು. ಬೀಗವಂತೆ, ಮಾಟವಂತೆ! ಊರಲ್ಲಿ ಬಿಟ್ಟು ಬಂದದ್ದೇ ಸಾಕಾಗಿತ್ತು ಅವನಿಗೆ.

ಮಧ್ಯಾಹ್ನದ ಒಂದು ಗಂಟೆ. ಕೆಡವುವ ಕೂಲಿಗಳು ಬಿಸಿಲಿನ ಬಿಡುವಿನಲ್ಲಿ ಎಲ್ಲೋ ನೆರಳು ಹುಡುಕಿ ಮಲಗಿದ್ದರು. ಬೀದಿಯಲ್ಲಿ ಒಂದು ಬೆಕ್ಕೂ ಇಲ್ಲ. ಕಣ್ಣು ಕುಕ್ಕುವ ಬೆಳಕಿನಿಂದ ಹೊಸ್ತಿಲು ದಾಟಿದ್ದೇ ಅವನಿಗೆ ಏನೂ ಕಾಣಿಸಲಿಲ್ಲ. ಮೊದಲು ಬಂದದ್ದು ವಾಸನೆ. ಪಾರಿವಾಳದ ಹಿಕ್ಕೆ, ಒಣಗಿದ ಗಾರೆ, ಅವುಗಳ ಅಡಿಯಲ್ಲಿ ಎಂದೋ ಹಾಕಿದ ಲೋಬಾನದ ಹೊಗೆಯ ಘಾಟು. ಇಷ್ಟು ವರ್ಷ ಖಾಲಿ ಬಿದ್ದ ಮನೆಯಲ್ಲಿ ಲೋಬಾನದ ಘಾಟು ಹೇಗೆ ಉಳಿದೀತು ಎಂದು ಯೋಚಿಸಬೇಕಿತ್ತು. ಅವನು ಟ್ರೈಪಾಡ್ ಬಿಡಿಸಿದ.

ಅತಿಥಿಗಳು ಕೂರುವ ಮಜ್ಲಿಸ್, ಅಡುಗೆಮನೆ, ಬಚ್ಚಲು, ಎಲ್ಲ ಬೇಗ ಮುಗಿದವು. ತೊಂದರೆ ಕೊಟ್ಟದ್ದು ಕೊನೆಯ ಕೋಣೆ. ಅಲ್ಲಿ ಕತ್ತಲು ಜಾಸ್ತಿ. ಒಂದೊಂದು ಚಿತ್ರಕ್ಕೂ ಶಟರ್ ಹತ್ತು ಸೆಕೆಂಡು ತೆರೆದಿರಬೇಕು. ಒಡೆದ ಕಿಟಕಿಯಿಂದ ಬಿಸಿಗಾಳಿ ನುಗ್ಗಿ ಒಳಕೋಣೆಗೆ ಹೋಗುವ ಬಾಗಿಲನ್ನು ಆಡಿಸುತ್ತಿತ್ತು. ಕಿರ್ರ್, ಟಪ್. ಕಿರ್ರ್, ಟಪ್. ಚಿತ್ರದಲ್ಲಿ ಬಾಗಿಲೆಲ್ಲ ಮಸುಕು. ಅದರ ಕೊಂಡಿಯಲ್ಲಿ ಅಂಗೈ ಅಗಲದ ಕಬ್ಬಿಣದ ಬೀಗ, ಬಾಯಿ ತೆರೆದುಕೊಂಡು ನೇತಾಡುತ್ತಿತ್ತು.

ಅಷ್ಟರಲ್ಲಿ ಫೋನು. ಸ್ಪೀಕರಿಗೆ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟ.

"ಪಪ್ಪಾ, ಲಿಸನ್ ನಾ! ನಾನು ಹಾಡು ಫುಲ್ ಕಲ್ತೆ!"

"ಹೇಳು ಹೇಳು, ಕೇಳ್ತಾ ಇದ್ದೇನೆ."

ಅವಳು ಹಾಡತೊಡಗಿದಳು. ಅವನು ಬಾಗಿಲನ್ನು ಎಳೆದು ಮುಚ್ಚಿ, ಕೊಂಡಿಯನ್ನು ಸಿಕ್ಕಿಸಿದ. ಬೀಗ ಹಾಕಿಬಿಟ್ಟರೆ ಬಾಗಿಲು ಅಲ್ಲಾಡದು, ಹೇಗೂ ನಾಳೆ ಬುಲ್ಡೋಜರ್ ಬರುತ್ತದೆ. ಇಷ್ಟೇ ಅವನ ಲೆಕ್ಕ.

"ಒಂದು ನಿಮಿಷ ಫಿಯೋನಾ," ಎಂದ, ಬೀಗ ಒತ್ತಿದ.

ಟಕ್.

ಹಾಡು ನಿಂತಿತು. ಪಾರಿವಾಳಗಳ ರೆಕ್ಕೆ ಸದ್ದೂ ನಿಂತಿತು.

"ಹಲೋ? ಮುಂದೆ ಹೇಳು ಚಿನ್ನ." ನೆಟ್‌ವರ್ಕ್ ಹೋಯಿತೆಂದುಕೊಂಡ. ಹೋಗಿರಲಿಲ್ಲ. ಆ ಕಡೆ ಫ್ಯಾನಿನ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆಮೇಲೆ ಉರ್ಸುಲಾಳ ದನಿ.

"ಜೋಸ್ವಿನ್, ಇವಳು ಎಂತ ಮಾಡ್ತಿದ್ದಾಳೆ? ಬಾಯಿ ತೆರೀತಾಳೆ, ಸ್ವರವೇ ಬರುವುದಿಲ್ಲ! ಕುತ್ತಿಗೆ ಹಿಡ್ಕೊಂಡಿದ್ದಾಳೆ! ಏ ಫಿಯೋನಾ, ಉಸಿರು ತೆಗಿ!"

ಅವನು ಬೀಗ ಹಿಡಿದು ಜಗ್ಗಿದ. ತಿರುಚಿದ. ಕಬ್ಬಿಣ ಬಿಸಿಯಾಗಿತ್ತು, ಮೈ ಜ್ವರದ ಬಿಸಿ. ಬಿದ್ದಿದ್ದ ಕಲ್ಲು ಎತ್ತಿ ಹೊಡೆದ.

"ಅಯ್ಯೋ ದೇವಾ, ರಕ್ತ! ಬಾಯಿಂದ ರಕ್ತ ಬರ್ತಾ ಉಂಟು!"

ಕಲ್ಲು ಕೈಯಿಂದ ಜಾರಿತು. ಇಲ್ಲ, ಕಲ್ಲೇಟಿಗೂ ಅದಕ್ಕೂ ಸಂಬಂಧವಿಲ್ಲ, ಎಂದು ತನಗೇ ಹೇಳಿಕೊಂಡ. ಬೆರಳಲ್ಲೇ ಒಮ್ಮೆ ಬೀಗವನ್ನು ಮೆಲ್ಲಗೆ ತಟ್ಟಿ ನೋಡಿದ. ಫೋನಿನಲ್ಲಿ ಉರ್ಸುಲಾ ಮತ್ತೆ ಕಿರುಚಿದಳು.

"ಕಾಕಾ! ಕಾಕಾ, ಓಡಿ ಬನ್ನಿ!"

ಶುಕೂರ್ ಕಾಕ ಓಡಿ ಬಂದವರು ಕೋಣೆಯ ಹೊಸ್ತಿಲಲ್ಲೇ ನಿಂತರು. ಮುಚ್ಚಿದ ಬೀಗ ನೋಡಿದರು, ಫೋನಿನಲ್ಲಿ ತಾಯಿಯ ಅಳು ಕೇಳಿದರು. "ಯಾ ಅಲ್ಲಾ. ಯಾರ ಹೆಸರು ಹೇಳಿದ್ರಿ?"

"ಮಗಳದ್ದು ಕಾಕ. ಕೀಲಿಕೈ ಎಲ್ಲುಂಟು? ಕಾಲು ಹಿಡೀತೇನೆ, ಹೇಳಿ!"

"ಅದಕ್ಕೆ ಕೀಲಿಕೈ ಮಾಡಿಸ್ಲೇ ಇಲ್ಲ." ಕಾಕ ಹೊಸ್ತಿಲು ದಾಟದೆಯೇ ಹೇಳಿದರು. "ಆ ದಿನ ತೆರೆದದ್ದು ಆ ಅಣ್ಣ-ತಮ್ಮಂದಿರ ಉಮ್ಮ. ಚಿಕ್ಕ ಮಗನಿಗೋಸ್ಕರ. ಬೀಗದ ತೂತಿಗೆ ಬಾಯಿ ಇಟ್ಟು ತನ್ನ ಹೆಸರು ಹೇಳಿದ್ರು, ಅವನನ್ನು ಬಿಡು, ನನ್ನದು ತಗೋ ಅಂತ. ಹುಡುಗ ಬಚಾವಾದ. ಮತ್ತೆ ಸಾಯುವವರೆಗೆ ಅವರು ನನ್ನ ಅಂಗಡಿಗೆ ಬಂದು ಬೆರಳು ತೋರ್ಸಿಯೇ ರೊಟ್ಟಿ ಕೊಂಡದ್ದು. ಹನ್ನೊಂದು ವರ್ಷ. ಒಂದು ಮಾತಿಲ್ಲ."

ಫೋನಿನಲ್ಲಿ ಉರ್ಸುಲಾ ಆಂಬುಲೆನ್ಸಿಗೆ ಹೇಳಿ ಎಂದು ನೆರೆಯವರನ್ನು ಕೂಗುತ್ತಿದ್ದಳು. "ತುಟಿ ನೀಲಿಯಾಯ್ತು ಜೋಸ್ವಿನ್! ನನ್ನ ಮಗು ಹೋಗ್ತದೆ!"

ಅವನು ಮೊಣಕಾಲೂರಿದ. ಯೋಚಿಸಲಿಲ್ಲ. ಈಗ ಕಾಯ್ದು ಕೆಂಡವಾಗಿದ್ದ ಕಬ್ಬಿಣಕ್ಕೆ ತುಟಿ ಒತ್ತಿದ. ಚರ್ಮ ಚುರ್ ಎಂದಿತು. ತುಕ್ಕಿನ ರುಚಿ. ಬೀಗದೊಳಗಿಂದ ಯಾರದೋ ಉಸಿರು ಎದುರಿಗೆ ಬಂತು, ಲೋಬಾನದ ಘಾಟಿನ ಉಸಿರು.

"ಜೋಸ್ವಿನ್. ಜೋಸ್ವಿನ್ ಡಿಸೋಜ. ಅವಳನ್ನು ಬಿಡು. ನನ್ನದು ತಗೋ."

ಒಳಗೇನೋ ಎಳೆಯಿತು. ಗಂಟಲಿನ ಬುಡದಿಂದ ಬೇರು ಕಿತ್ತ ಹಾಗೆ. ಅವನು ಚೀರಿದ. ಅರ್ಧ ಚೀರಿದ. ಉಳಿದರ್ಧ ಬರಲೇ ಇಲ್ಲ.

ಟಕ್. ಬೀಗ ಬಾಯಿ ತೆರೆಯಿತು.

"ಪಪ್ಪಾ!" ಫೋನಿನಲ್ಲಿ ಮಗಳ ದನಿ! ಅಳುತ್ತಿದ್ದಳು, ಕೆಮ್ಮುತ್ತಿದ್ದಳು, ಆದರೆ ಅವಳದೇ ದನಿ. "ಪಪ್ಪಾ, ಐ ಗಾಟ್ ಸೋ ಸ್ಕೇರ್ಡ್. ಮಾತಾಡಿ ನಾ!"

ಜೋಸ್ವಿನನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಫೋನಿನ ಕಡೆ ತಿರುಗಿ ಬಾಯಿ ತೆರೆದ. ಗಾಳಿ ಮಾತ್ರ ಬಂತು.

ಆಗ ಅವನ ಬೆನ್ನ ಹಿಂದೆ, ನೇತಾಡುವ ಬೀಗದಿಂದ, ಅವನದೇ ಸ್ವರ ಹೊರಟಿತು. ಅದೇ ನಗು, ಅದೇ ಮುದ್ದು.

"ಹೆದರ್ಬೇಡ ಚಿನ್ನ. ಪಪ್ಪ ಇಲ್ಲೇ ಇದ್ದೇನೆ. ನಿನ್ನ ಹೆಸರು ಎಂತ, ಒಮ್ಮೆ ಹೇಳು ನೋಡುವಾ."

ಕಾಕ ಕಿವಿ ಮುಚ್ಚಿಕೊಂಡರು. ಬಾಗಿಲು ಅಲ್ಲಾಡಿತು. ಗಾಳಿ ಇರಲಿಲ್ಲ. ಕೊಂಡಿ ತಾನಾಗಿ ಎದ್ದು ಬೀಗದ ಬಾಯಿಯೊಳಗೆ ತೂರಿಕೊಂಡಿತು.

"ಮೈ ನೇಮ್?" ಮಗಳು ಅಳುವಿನ ನಡುವೆಯೇ ನಕ್ಕಳು. "ಪಪ್ಪಾ, ನಾನು ಫಿ..."

ಜೋಸ್ವಿನ್ ಫೋನನ್ನು ಬಾಚಿ ಗೋಡೆಗೆ ಬೀಸಿ ಒಡೆದ. ಚೂರು ಚೂರಾಗುವವರೆಗೆ ತುಳಿದ. ಕಾಕ ಅವನ ರಟ್ಟೆ ಹಿಡಿದು ಬಿಸಿಲಿಗೆ ಎಳೆದು ತಂದರು. ಒಳಗೆ ಅವನದೇ ಸ್ವರ ಇನ್ನೂ ಕರೆಯುತ್ತಲೇ ಇತ್ತು.

ಕಾಕನೇ ಕಾರು ಓಡಿಸಿದರು. ಖಲೀಫಾ ಸಿಟಿ ಮುಟ್ಟುವಾಗ ಮೂರೂವರೆಯ ಬಾಂಗು ಆಗುತ್ತಿತ್ತು. ದಾರಿಯಲ್ಲಿ ಜೋಸ್ವಿನ್ ಒತ್ತಿಕೊಟ್ಟ ನಂಬರಿಗೆ ಅವರು ಫೋನು ಮಾಡಿ ಉರ್ಸುಲಾಳಿಗೆ ಹೇಗೋ ಹೇಳಿದ್ದರು, ಅವಳು ನಂಬಿದ್ದಳೋ ಇಲ್ಲವೋ. ಆಂಬುಲೆನ್ಸಿನವರು ಬಂದು ಮಗುವನ್ನು ನೋಡಿ, ಏನೂ ಇಲ್ಲವೆಂದು ಹೋಗಿದ್ದರಂತೆ. ಬಾಗಿಲು ತೆರೆದು ಗಂಡನ ಸುಟ್ಟ ತುಟಿ ನೋಡಿದವಳು ಗೋಡೆ ಹಿಡಿದು ಕುಳಿತುಬಿಟ್ಟಳು.

ಫಿಯೋನಾ ಓಡಿ ಬಂದು ಅವನ ಕಾಲು ತಬ್ಬಿಕೊಂಡಳು. ಅವನು ಬಗ್ಗಿ ಎತ್ತಿಕೊಂಡ, ಎದೆಗೊತ್ತಿಕೊಂಡ. ಅವಳು ಮುಖ ಹಿಂದಕ್ಕೆಳೆದು ಅವನನ್ನೇ ನೋಡಿದಳು. ಕೆಳತುಟಿ ಅದುರುತ್ತಿತ್ತು.

"ಪಪ್ಪಾ, ವೈ ಡಿಡ್ ಯೂ ಆಸ್ಕ್ ಮೈ ನೇಮ್? ನನ್ನ ಹೆಸರು ನಿಮಗೆ ಮರ್ತೇ ಹೋಯ್ತಾ?"

ಜೋಸ್ವಿನ್ ಇಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ಕರೀರಿ," ಎಂದಳು ಅವಳು. "ಒಂದ್ಸಲ ಕರೀರಿ ನಾ."